ಕಪ್ಪಿನ ತಳ ಮಾತ್ರ ಓದುವವರಿಗೆ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಈಚೆಗೆ ಒಂದು ಹೊಸ ಕಪಾಟು ಕಾಣಿಸಿಕೊಳ್ಳತೊಡಗಿದೆ. ಪುಸ್ತಕದ್ದಲ್ಲ, ದೇವರದ್ದೂ ಅಲ್ಲ. ಹಳೆಯ ಹೋಟೆಲುಗಳ ಪಿಂಗಾಣಿ ಕಪ್ಪು-ಬಸಿಗಳದ್ದು. ಗಾಜಿನ ಬಾಗಿಲು, ಒಳಗೆ ಹಳದಿ ದೀಪ, ಪ್ರತಿ ಕಪ್ಪಿನ ಮುಂದೆ ಒಂದು ಪುಟ್ಟ ಚೀಟಿ. ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲೋ, ಮುಚ್ಚಿಹೋದ ಹೋಟೆಲಿನ ಸಾಮಾನು ಕೊಂಡ ಭಂಗಾರದವನ ಅಂಗಡಿಯಲ್ಲೋ ಕೈಗೆ ಬಂದ ಸರಕು ಅದು. ನಮ್ಮ ಬಳಗದ ಮಿತ್ರರೊಬ್ಬರ ಮನೆಯಲ್ಲಿ ಅಂಥ ಕಪಾಟನ್ನು ನೋಡುತ್ತ ನಾವು ಒಂದು ಸಂಜೆ ಕಳೆದೆವು. ಚೀಟಿಗಳಲ್ಲಿ ತಯಾರಕರ ಹೆಸರಿತ್ತು, ಊರಿತ್ತು, ಅಂದಾಜು ಕಾಲವಿತ್ತು, ಚಿತ್ತಾರದ ಹೆಸರಿತ್ತು, ‘ಅಂಚು ಸಿಡಿದಿಲ್ಲ’ ಎಂಬ ಷರಾ ಇತ್ತು. ಯಾವ ಹೋಟೆಲಿನದು ಎಂಬುದು ಮಾತ್ರ ಒಂದರಲ್ಲೂ ಇರಲಿಲ್ಲ. ಕೇಳಿದ್ದಕ್ಕೆ ಮಿತ್ರರು, “ಅದು ತಿಳಿದರೆ ಬೆಲೆಯೇನೂ ಹೆಚ್ಚುವುದಿಲ್ಲವಲ್ಲ” ಎಂದು ನಕ್ಕರು. ನಮ್ಮ ತಕರಾರು ಹುಟ್ಟಿದ್ದು ಆ ನಗುವಿನಿಂದ.

ಗುರುತಿಸುವ ವಿದ್ಯೆಯನ್ನು ನಾವು ಹಗುರವಾಗಿ ಕಾಣುವವರಲ್ಲ. ಅದರಲ್ಲಿ ರುಚಿಯಿದೆ, ಶ್ರಮವಿದೆ. ಮಿತ್ರರಿಂದಲೇ ನಾವೂ ಒಂದಿಷ್ಟು ಕಲಿತೆವು. ಹೋಟೆಲಿನ ಪಿಂಗಾಣಿ ಮನೆಯ ಪಿಂಗಾಣಿಗಿಂತ ದಪ್ಪ. ದಿನಕ್ಕೆ ಹತ್ತಾರು ಸಲ ತೊಳೆಯುವ ತೊಟ್ಟಿಗೆ ಬೀಳಬೇಕಾದ ವಸ್ತುವಾದ್ದರಿಂದ ಅಂಚನ್ನೂ ಉರುಟಾಗಿ ದಪ್ಪಗೊಳಿಸಿರುತ್ತಾರೆ. ಕಪ್ಪನ್ನು ಬೋರಲು ಹಾಕಿದರೆ ತಳದ ಬಳೆಯಲ್ಲಿ ಮೆರುಗು ಹತ್ತದ ಒರಟು ಭಾಗ ಸಿಗುತ್ತದೆ. ಅಲ್ಲಿ ಒಂದು ಹನಿ ನೀರಿಟ್ಟು ನೋಡಬೇಕು. ಕಡಿಮೆ ಕಾವಿನಲ್ಲಿ ಸುಟ್ಟ ಮಣ್ಣಾದರೆ ಹನಿಯನ್ನು ಕುಡಿದುಬಿಡುತ್ತದೆ. ಹೆಚ್ಚು ಕಾವಿನಲ್ಲಿ ಬೆಂದು ಒಡಲೆಲ್ಲ ಗಾಜಿನಂತೆ ಬಿಗಿದುಕೊಂಡ ಹೋಟೆಲ್ ಪಿಂಗಾಣಿಯ ಮೇಲೆ ಹನಿ ಹಾಗೆಯೇ ಕೂರುತ್ತದೆ. ಕಣ್ಣು ಮುಚ್ಚಿ ಚಿತ್ತಾರದ ಮೇಲೆ ಬೆರಳಾಡಿಸಿದಾಗ ಬಣ್ಣ ಉಬ್ಬಿದಂತೆ ತಾಗಿದರೆ ಅದನ್ನು ಮೆರುಗಿನ ಮೇಲೆ ಒತ್ತಿದ್ದಾರೆಂದು ಅರ್ಥ. ಸೋಡಾ ನೀರು ಅಂಥ ಬಣ್ಣವನ್ನು ಬೇಗ ತಿಂದುಹಾಕುತ್ತದೆ. ಏನೂ ತಾಗದಿದ್ದರೆ ಚಿತ್ತಾರ ಮೆರುಗಿನ ಅಡಿಯಲ್ಲಿದೆ. ಹೋಟೆಲಿನಲ್ಲಿ ಬಾಳುವುದು ಅದೇ. ತಳದ ಮುದ್ರೆಯಲ್ಲಿ ‘ಇಂಗ್ಲೆಂಡ್’ ಎಂದಿದ್ದರೆ ಸಾಮಾನ್ಯವಾಗಿ 1891ರ ಈಚಿನದು. ಆಮದು ಸರಕಿನ ಮೇಲೆ ದೇಶದ ಹೆಸರಿರಲೇಬೇಕೆಂಬ ಅಮೆರಿಕದ ಕಟ್ಟಳೆ ಜಾರಿಗೆ ಬಂದದ್ದು ಆ ವರ್ಷ. ‘ಮೇಡ್ ಇನ್ ಇಂಗ್ಲೆಂಡ್’ ಎಂದು ಪೂರ್ತಿಯಾಗಿದ್ದರೆ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ್ದು. ಬೆಂಗಾಲ್ ಪಾಟರೀಸ್, ಗ್ವಾಲಿಯರ್ ಪಾಟರೀಸ್ ಎಂಬ ಮುದ್ರೆಗಳಿದ್ದರೆ ನಮ್ಮ ನೆಲದ್ದೇ. ಸೇತುವೆ, ಅದರ ಮೇಲೆ ಮೂವರು ಮನುಷ್ಯರು, ಆಕಾಶದಲ್ಲಿ ಜೋಡಿ ಹಕ್ಕಿ ಇರುವ ನೀಲಿಯ ವಿಲೋ ಚಿತ್ತಾರವನ್ನು ಚೀನಾದ್ದೆಂದು ನಂಬಿದವರು ಇಂದಿಗೂ ಇದ್ದಾರೆ. ಅದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಕುಶಲಿಗಳು ಚೀನೀ ಮಾದರಿಗಳನ್ನು ನೋಡಿ ತಾವೇ ಹೆಣೆದದ್ದು. ಅದಕ್ಕೆ ಅಂಟಿದ ಪ್ರೇಮಕಥೆಯೂ ಆಮೇಲೆ ಅಲ್ಲಿಯೇ ಕಟ್ಟಿದ್ದು.

ಇಷ್ಟೆಲ್ಲ ತಿಳಿದ ಮೇಲೂ ಈ ವಿದ್ಯೆ ಉತ್ತರಿಸುವುದು ಒಂದೇ ಪ್ರಶ್ನೆಯನ್ನು: ಇದನ್ನು ಮಾಡಿದವರು ಯಾರು? ಮನೆಯ ಪಿಂಗಾಣಿಗೆ ಈ ಪ್ರಶ್ನೆ ಸಾಕಾದೀತು. ಅದನ್ನು ಯಾರೋ ಒಬ್ಬರು ಅಂಗಡಿಯಲ್ಲಿ ನಿಂತು ಮೆಚ್ಚಿ ಕೊಂಡಿರುತ್ತಾರೆ, ಹಬ್ಬಕ್ಕೆ ಇಳಿಸಿ ಮತ್ತೆ ಅಟ್ಟಕ್ಕೇರಿಸಿರುತ್ತಾರೆ. ಹೋಟೆಲಿನ ಕಪ್ಪಾದರೋ ಡಜನುಗಟ್ಟಲೆಯಲ್ಲಿ ಬಂದದ್ದು. ಕೊಳ್ಳುವಾಗ ನೋಡಿದ್ದು ದರವನ್ನೂ ಬಾಳಿಕೆಯನ್ನೂ. ಅದೇ ಹಸಿರು ಗೆರೆಯ ಕಪ್ಪು ಹಲವು ಊರುಗಳ ಹಲವು ಹೋಟೆಲುಗಳಲ್ಲಿ ಸುತ್ತಿರುತ್ತದೆ. ಅಂಥ ವಸ್ತುವಿಗೆ ಚರಿತ್ರೆ ಹುಟ್ಟುವುದು ಕಾರ್ಖಾನೆಯಲ್ಲಲ್ಲ, ಮೇಜಿನ ಮೇಲೆ. ಯಾರು ಅದರಲ್ಲಿ ಕುಡಿದರು, ಯಾರು ಅದನ್ನು ತೊಳೆದರು, ಯಾರ ಕೈಗೆ ಅದನ್ನು ಕೊಡಲಿಲ್ಲ ಎಂಬುದನ್ನು ಬಿಟ್ಟು ಹೋಟೆಲ್ ಕಪ್ಪನ್ನು ಗುರುತಿಸಿದೆವೆನ್ನುವುದು, ಮನುಷ್ಯನ ಅಂಗಿಯ ಹೊಲಿಗೆ ನೋಡಿ ಅವನ ಪರಿಚಯವಾಯಿತು ಎಂದಂತೆ.

ಕಪ್ಪಿಗೂ ಲೋಟಕ್ಕೂ ಇರುವ ವ್ಯತ್ಯಾಸವನ್ನೇ ನೋಡಿ. ನಮ್ಮ ಹಳೆಯ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಮಾತು, ‘ಕಚ್ಚಿ ಕುಡಿಯಬೇಡ’ ಎಂದು. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಬೇಕು, ಎಂಜಲಾಗಬಾರದು. ಹಿತ್ತಾಳೆಯ ಲೋಟದ ಹೊರಬಾಗಿದ ಕಂಠ ಈ ಆಚಾರಕ್ಕೆ ಹೇಳಿ ಮಾಡಿಸಿದಂತಿದೆ. ಧಾರೆ ಚೆಲ್ಲದೆ ಗಂಟಲಿಗೆ ಇಳಿಯುತ್ತದೆ. ಹಿಡಿಯುಳ್ಳ ಪಿಂಗಾಣಿ ಕಪ್ಪಿನಿಂದ ಬಿಸಿ ಚಹಾವನ್ನು ಎತ್ತಿ ಕುಡಿಯಲು ಹೊರಟವನ ಅಂಗಿಯ ಗತಿ ಏನಾದೀತು ಎಂದು ಹೇಳಬೇಕಿಲ್ಲ. ಕಪ್ಪನ್ನು ಕಚ್ಚಲೇಬೇಕು. ಬಸಿಗೆ ಸುರಿದುಕೊಂಡರೆ ಬಸಿಯನ್ನೂ ಕಚ್ಚಲೇಬೇಕು. ಇದರ ಮೇಲೆ ಇನ್ನೊಂದು ತೊಡಕು: ಲೋಹವನ್ನು ಹುಣಿಸೆಹಣ್ಣು ಬೂದಿ ಹಾಕಿ ಬೆಳಗಿದರೆ ಶುದ್ಧವಾಗುತ್ತದೆ, ಮಣ್ಣು ಒಮ್ಮೆ ಮೈಲಿಗೆಯಾದರೆ ಹೋಯಿತು, ಎಸೆಯಬೇಕು ಎಂಬ ನಂಬಿಕೆ. ಪಿಂಗಾಣಿ ಎಷ್ಟು ಹೊಳೆದರೂ ಮಣ್ಣೇ. ಆದ್ದರಿಂದಲೇ ಎಷ್ಟೋ ಮಡಿವಂತ ಮನೆಗಳಲ್ಲಿ ಅದು ಅಡಿಗೆಮನೆಯನ್ನು ಸೇರದೆ ಜಗಲಿಯ ಗೂಡಿನಲ್ಲಿ, ‘ಬೇರೆಯವರು’ ಬಂದಾಗ ಕೊಡಲೆಂದು ಉಳಿಯಿತು. ಮನೆಯಲ್ಲಿ ಮನುಷ್ಯರನ್ನು ಬೇರ್ಪಡಿಸುತ್ತಿದ್ದ ಅದೇ ಕಪ್ಪು ಮುಂಬಯಿಯ ಇರಾನಿ ಹೋಟೆಲಿನ ಅಮೃತಶಿಲೆಯ ಮೇಜಿನ ಮೇಲೆ ಎಲ್ಲರ ತುಟಿಗೂ ಏರಿತು. ಅರ್ಧ ಗಂಟೆಯ ಹಿಂದೆ ಯಾರು ಕುಡಿದಿದ್ದರು ಎಂದು ಕೇಳುವವರಿರಲಿಲ್ಲ. ಊರಿನಲ್ಲಿ ಕೇಳದಿದ್ದರೆ ನಡೆಯುತ್ತಿರಲಿಲ್ಲ. ಮಣ್ಣು ಮೈಲಿಗೆಯನ್ನು ಹೀರಿಕೊಳ್ಳುತ್ತದೆ ಎಂಬ ವಾದಕ್ಕೆ, ಏನನ್ನೂ ಹೀರದ ಮಣ್ಣನ್ನೇ ಸುಟ್ಟು ತಯಾರಿಸಿ ಕಳಿಸಿದ ಕಾರ್ಖಾನೆಗಳು ತಮಗೆ ತಿಳಿಯದೆ ಉತ್ತರ ಕೊಟ್ಟಿದ್ದವು. ತಳದ ಮೇಲೆ ನೀರಿನ ಹನಿ ಇಟ್ಟು ಪರೀಕ್ಷಿಸುವ ನಮ್ಮ ಸಂಗ್ರಾಹಕರಿಗೆ ಆ ಹನಿಯಲ್ಲಿ ಇಷ್ಟು ದೊಡ್ಡ ಜಗಳ ಕಾಣದೆ ಹೋದದ್ದು ನಮಗೆ ಆಶ್ಚರ್ಯ.

ಜಗಳವೆಂದದ್ದು ಅಲಂಕಾರಕ್ಕಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ತೆರೆದು, ಮುಂದೆ ಎಂ.ಟಿ.ಆರ್. ಎಂದು ಲೋಕಪ್ರಸಿದ್ಧವಾದ ಹೋಟೆಲಿನ ಮೊದಲ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಅಂದಿನ ರೂಢಿಯಲ್ಲಿ ಅದು ವಿಶೇಷವೂ ಆಗಿರಲಿಲ್ಲ. ಮದ್ರಾಸಿನ ಟ್ರಿಪ್ಲಿಕೇನಿನಲ್ಲಿ ಮುರಳಿ ಕೆಫೆಯ ಹಲಗೆಯಿಂದ ‘ಬ್ರಾಹ್ಮಣ’ ಎಂಬ ಪದವನ್ನು ತೆಗೆಸಲು ಪೆರಿಯಾರರೂ ಅವರ ಅನುಯಾಯಿಗಳೂ 1957ರಲ್ಲಿ ತಿಂಗಳುಗಟ್ಟಲೆ ಚಳವಳಿ ಹೂಡಬೇಕಾಯಿತು. ಅದಕ್ಕೆ ಎರಡು ವರ್ಷ ಮೊದಲು ಬಂದ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯನ್ನು ನಮ್ಮ ಸಂಗ್ರಾಹಕರು ಒಮ್ಮೆಯಾದರೂ ಓದಬೇಕು. ಹೋಟೆಲು, ಧರ್ಮಶಾಲೆಗಳ ಒಳಗೆ ಬಿಡದಿರುವುದನ್ನಷ್ಟೇ ಅಲ್ಲ, ಅಲ್ಲಿ ಸಾರ್ವಜನಿಕರಿಗೆಂದು ಇಟ್ಟ ಪಾತ್ರೆಗಳನ್ನು ಬಳಸಗೊಡದಿರುವುದನ್ನೂ ಅದರ 4ನೆಯ ಪ್ರಕರಣ ಅಪರಾಧವೆಂದು ಹೇಳುತ್ತದೆ. ಒಂದು ದೇಶದ ಸಂಸತ್ತು ಹೋಟೆಲಿನ ಲೋಟ ತಟ್ಟೆಗಳ ಬಗ್ಗೆ ಕಾನೂನು ಮಾಡಬೇಕಾಗಿ ಬಂದಿತ್ತು! ಆ ಕಾಲದ್ದೇ ಆದ ಕಪ್ಪನ್ನು ಕೈಯಲ್ಲಿ ಹಿಡಿದು ‘ಗೆರೆಯ ಬಣ್ಣ ಅಪರೂಪದ್ದು’ ಎನ್ನುವವರನ್ನು ಏನೆನ್ನೋಣ?

ಈ ಕುರುಡು ನಮ್ಮವರದ್ದು ಮಾತ್ರವೇ ಅಲ್ಲ. ಹೋಟೆಲ್ ಮತ್ತು ರೈಲ್ವೆ ಪಿಂಗಾಣಿಯ ಸಂಗ್ರಹವನ್ನು ಶಾಸ್ತ್ರದ ಮಟ್ಟಕ್ಕೆ ಬೆಳೆಸಿದವರು ಅಮೆರಿಕದವರು. ಸಾಂಟಾ ಫೇ ರೈಲಿನ ಭೋಜನದ ಬೋಗಿಗೆಂದು ಮೇರಿ ಕೋಲ್ಟರ್ 1930ರ ದಶಕದಲ್ಲಿ ರೂಪಿಸಿದ ಮಿಂಬ್ರೆನ್ಯೋ ಚಿತ್ತಾರಕ್ಕೆ ಅಲ್ಲಿ ಇಂದಿಗೂ ಬೇಡಿಕೆ. ಅದರ ಮೀನು ಹಕ್ಕಿಗಳು ಆ ನೆಲದ ಪ್ರಾಚೀನ ಮೂಲನಿವಾಸಿಗಳು ಬರೆದ ಬೋಗುಣಿಗಳಿಂದ ಬಂದವು, ಆ ಬೋಗುಣಿಗಳಲ್ಲಿ ಹಲವು ದೊರೆತದ್ದು ಗೋರಿಗಳಲ್ಲಿ. ಇರಲಿ. ಅದೇ ದೇಶದ ಸದರ್ನ್ ರೈಲ್ವೆಯಲ್ಲಿ 1942ರಲ್ಲಿ ಎಲ್ಮರ್ ಹೆಂಡರ್ಸನ್ ಎಂಬ ಕರಿಯ ಪ್ರಯಾಣಿಕ ಊಟಕ್ಕೆಂದು ಭೋಜನದ ಬೋಗಿಗೆ ಹೋಗಿ ಜಾಗ ಸಿಗದೆ ಹಿಂತಿರುಗಿದ. ಕರಿಯರಿಗೆಂದು ಅಡಿಗೆಮನೆಯ ಬದಿಯಲ್ಲಿ ಪರದೆ ಎಳೆದು ಬಿಡಬೇಕಾದ ಮೇಜುಗಳಲ್ಲಿ ಬಿಳಿಯರು ಕುಳಿತಿದ್ದರು. ಆತ ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು 1950ರಲ್ಲಿ. ರೈಲ್ವೆಯ ತಟ್ಟೆಯೊಂದು ಪರದೆಯ ಯಾವ ಬದಿಯಲ್ಲಿ ಬಳಕೆಯಾಗಿತ್ತು ಎಂಬುದನ್ನು ತಳದ ಮುದ್ರೆ ಹೇಳುವುದಿಲ್ಲ. ನಮ್ಮ ರೈಲು ನಿಲ್ದಾಣಗಳಲ್ಲಿ ಹಿಂದೂ ನೀರು, ಮುಸಲ್ಮಾನ ನೀರು ಎಂದು ಬೇರೆಬೇರೆ ಇದ್ದ ಕಾಲವನ್ನು ಬಲ್ಲ ನಮಗೆ ಆ ಪರದೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಮತ್ತೆ ಮಿತ್ರರ ಕಪಾಟಿಗೆ ಬರೋಣ. ಆ ಸಂಜೆ ನಮ್ಮೊಡನೆ ಕುಂದಾಪುರದ ಕಡೆಯ ಹಿರಿಯರೊಬ್ಬರಿದ್ದರು. ಹನ್ನೆರಡನೆಯ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಹೋಟೆಲೊಂದರಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಲೇ ಓದಿ ಗುಮಾಸ್ತರಾದವರು. ಮಿತ್ರರು ಉತ್ಸಾಹದಿಂದ ಒಂದು ಕಪ್ಪನ್ನು ಅವರ ಕೈಗೆ ಕೊಟ್ಟರು. ಅವರು ಮುದ್ರೆಯನ್ನು ನೋಡಲಿಲ್ಲ. ಬೋರಲು ಮಾಡಿ ತಳದ ಬಳೆಯ ಮೇಲೆ ಹೆಬ್ಬೆರಳನ್ನು ಸುತ್ತಿಸಿದರು. “ಈ ಬಳೆ ಒರಟು ಮಾರಾಯ್ರೆ. ಸೋಡಾ ನೀರಲ್ಲಿ ಕೈ ನೆನೆದು ಮೆತ್ತಗಾಗಿರ್ತದಲ್ಲ, ಕೊಯ್ತದೆ” ಎಂದರು. ಒಡೆದ ಕಪ್ಪುಗಳ ಲೆಕ್ಕವನ್ನು ತಿಂಗಳ ಕೊನೆಗೆ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರಂತೆ. ಅಂಚು ಸಿಡಿದರೆ ಅರ್ಧ. ‘ಅಂಚು ಸಿಡಿದಿಲ್ಲ’ ಎಂಬ ಚೀಟಿಯನ್ನು ಅವರು ಓದಿದರೋ ಇಲ್ಲವೋ ನಾವು ಗಮನಿಸಲಿಲ್ಲ. ಸಿಡಿಯದೆ ಉಳಿದ ಪ್ರತಿ ಅಂಚಿನ ಹಿಂದೆ ಯಾವುದೋ ಹುಡುಗನ ಜಾಗರೂಕತೆ ಇದ್ದೀತು ಎಂಬುದು ನಮಗೆ ಹೊಳೆದದ್ದು ಮನೆಗೆ ಮರಳುವಾಗ, ಲೋಕಲ್ ಗಾಡಿಯಲ್ಲಿ.

ಇಂಥವರ ನೆನಪುಗಳನ್ನು ಬರೆದಿಟ್ಟುಕೊಂಡವರು ಯಾರು? ನಮ್ಮ ಸಂಘಗಳು ಬೆಳ್ಳಿಹಬ್ಬ, ಚಿನ್ನದ ಹಬ್ಬಗಳಿಗೆ ತಂದ ಸ್ಮರಣ ಸಂಚಿಕೆಗಳನ್ನು ತಿರುವಿದರೆ ಹೋಟೆಲು ಉದ್ಯಮದ ಸಾಹಸದ ಬಗ್ಗೆ ಲೇಖನಗಳಿಗೆ ಬರವಿಲ್ಲ. ಮಾಲೀಕರ ಭಾವಚಿತ್ರವಿದೆ, ಅವರ ದಾನದ ವಿವರವಿದೆ. ಅವರಲ್ಲಿ ಅನೇಕರು ತಾವೂ ಪಾತ್ರೆ ತೊಳೆದೇ ಮೇಲೆ ಬಂದವರು, ಅದನ್ನು ಮುಚ್ಚಿಟ್ಟವರೂ ಅಲ್ಲ. ಆ ಗೌರವದಲ್ಲಿ ನಮಗೆ ಪಾಲಿದೆ. ಆದರೆ ಮೇಲೆ ಬಾರದೆ ಉಳಿದ ಹುಡುಗರ ಸಂಖ್ಯೆ ಬಂದವರಿಗಿಂತ ಎಷ್ಟೋ ಪಾಲು ಹೆಚ್ಚು. ಉಪನಗರವೊಂದರಲ್ಲಿ ಹಳೆಯ ಹೋಟೆಲು ಮುಚ್ಚಿದ ಸುದ್ದಿ ತಿಳಿದು ನಾವು ಹೋದಾಗ ಕಪ್ಪುಗಳನ್ನು ಒಬ್ಬ ಸಂಗ್ರಾಹಕರು ಆಗಲೇ ಒಯ್ದಿದ್ದರು, ಕುರ್ಚಿಗಳನ್ನು ‘ಹಳೆಯ ಮುಂಬಯಿ’ಯ ಸೊಗಸು ಬಯಸುವ ಹೊಸ ಕೆಫೆಯೊಂದು ಕೊಂಡಿತ್ತು. ಕೆಲಸಗಾರರ ಹಾಜರಿ ಪುಸ್ತಕ, ಸಂಬಳದ ಖಾತೆ ಎಲ್ಲಿ ಎಂದು ಕೇಳಿದೆವು. ರದ್ದಿಗೆ ಹೋಗಿ ಮೂರು ದಿನವಾಗಿತ್ತು.

‘ಸಂಗ್ರಹವೆಂಬುದು ಒಂದು ಸಂತೋಷ, ಅದರ ಮೇಲೆ ಜಾತಿಯನ್ನೂ ದುಡಿಮೆಯನ್ನೂ ಯಾಕೆ ಹೇರುತ್ತೀರಿ’ ಎಂದು ನಮ್ಮನ್ನು ಕೇಳಿದವರಿದ್ದಾರೆ. ನಾವೇನೂ ಹೇರುತ್ತಿಲ್ಲ, ಅವು ಮೊದಲಿನಿಂದಲೂ ಅದರಲ್ಲಿದ್ದವು, ಸಂಗ್ರಾಹಕರು ಉಜ್ಜಿ ತೆಗೆದಿದ್ದಾರೆ. ಅಕ್ಷರಶಃ ಉಜ್ಜಿ ತೆಗೆಯುವವರೂ ಉಂಟು: ಚಹಾದ ಕಂದು ಕಲೆ ಹೋಗಲೆಂದು ರಾತ್ರಿಯಿಡೀ ರಾಸಾಯನಿಕದಲ್ಲಿ ನೆನೆಹಾಕುತ್ತಾರೆ. ಇನ್ನೊಂದು ಮಾತು: ಸಂಗ್ರಾಹಕರಿಲ್ಲದಿದ್ದರೆ ಈ ಕಪ್ಪುಗಳು ಕಸದ ತೊಟ್ಟಿ ಸೇರುತ್ತಿದ್ದವು ಎಂಬುದು. ಇದು ನಿಜ, ಒಪ್ಪುತ್ತೇವೆ. ಒಪ್ಪಿಯೇ ಕೇಳುತ್ತಿದ್ದೇವೆ: ಚೀಟಿಯಲ್ಲಿ ಎರಡು ಸಾಲು ಹೆಚ್ಚು ಬರೆಯಲು ಏನು ತೊಂದರೆ? ಎಲ್ಲಿ ಕೊಂಡದ್ದು, ಯಾವ ಹೋಟೆಲಿನದು, ಆ ಬೀದಿಯಲ್ಲಿ ಆ ಹೋಟೆಲನ್ನು ಬಲ್ಲವರು ಇನ್ನೂ ಯಾರಿದ್ದಾರೆ, ಅವರು ಏನು ಹೇಳಿದರು? ಭಂಗಾರದವನಿಗೆ ಇದರಲ್ಲಿ ಅರ್ಧ ಗೊತ್ತಿರುತ್ತದೆ. ಚೌಕಾಸಿಯ ಭರದಲ್ಲಿ ಕೇಳುವವರಿಲ್ಲ ಅಷ್ಟೆ.

ಅದಕ್ಕಿಂತ ಕಷ್ಟದ ಬೇಡಿಕೆಯೊಂದು ನಮ್ಮದಿದೆ. ಪಿಂಗಾಣಿಯ ಪಕ್ಕದಲ್ಲಿ, ಪಿಂಗಾಣಿ ಯಾರಿಗೆ ಸಿಗಲಿಲ್ಲವೋ ಅವರ ಪಾತ್ರೆಯೂ ಇರಬೇಕು. ಊರಿನ ಚಹಾದಂಗಡಿಯ ಸೂರಿನ ಕೆಳಗೆ, ಗೋಡೆಯ ಗೂಡಿನಲ್ಲಿ ಪ್ರತ್ಯೇಕವಾಗಿ ಇಟ್ಟಿರುತ್ತಿದ್ದ ಲೋಟ. ಕುಡಿದವರೇ ತೊಳೆದು ಮತ್ತೆ ಅಲ್ಲಿಯೇ ಇಟ್ಟುಹೋಗಬೇಕಿದ್ದ ಲೋಟ. ಅದೂ ಇಲ್ಲದ ಕಡೆ ತೆಂಗಿನ ಗೆರಟೆ. ಅದರಲ್ಲಿ ಚಿತ್ತಾರವಿಲ್ಲ, ತಳದಲ್ಲಿ ಮುದ್ರೆಯಿಲ್ಲ, ಯಾವ ಕೈಪಿಡಿಯಲ್ಲೂ ಅದರ ಕಾಲ ನಿರ್ಣಯವಿಲ್ಲ, ಮಾರುಕಟ್ಟೆಯಲ್ಲಿ ಬೆಲೆಯಂತೂ ಇಲ್ಲವೇ ಇಲ್ಲ. ನಾವು ಇದನ್ನು ಹೇಳಿದಾಗ ಮಿತ್ರರು ತುಸು ಹೊತ್ತು ಸುಮ್ಮನಿದ್ದು, “ಗಾಜಿನ ಕಪಾಟಿನಲ್ಲಿ ಗೆರಟೆ ಇಟ್ಟರೆ ಮನೆಗೆ ಬಂದವರು ಕೇಳುತ್ತಾರಲ್ಲ” ಎಂದರು. ಕೇಳಲಿ ಎಂದೇ ನಾವು ಹೇಳಿದ್ದು ಎಂದೆವು.

ಬಳಗದ ಮುಂದಿನ ಸಭೆ ಅವರ ಮನೆಯಲ್ಲೇ ನಿಶ್ಚಯವಾಗಿದೆ. ಇದನ್ನು ಓದಿದ ಮೇಲೂ ಚಹಾ ಕೊಡುತ್ತಾರೆಂದು ನಂಬಿದ್ದೇವೆ. ಕಪಾಟಿನ ಕಪ್ಪುಗಳನ್ನೇ ಇಳಿಸಿ ಕೊಟ್ಟರೆ, ತೊಳೆಯಲು ನಾವು ನಿಲ್ಲುತ್ತೇವೆ.