ಚೆಕ್ಕು ತರುವವನೇ ಅಧ್ಯಕ್ಷ?

ಸುಮಾರು ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಬರೆಯುವಂಥ ಸಿಟ್ಟು ಬಂದಿರಲಿಲ್ಲ ಅಂದುಕೊಳ್ಳಿ. ಈಗ ಬಂದಿದೆ.

ಹೋದ ತಿಂಗಳು ಒಂದು ಭಾನುವಾರ ಬೆಂಗಳೂರಿನ ಒಂದು ಹೋಟೆಲಿನ ಮಹಡಿ ಮೇಲೆ ಒಂದು ಸಣ್ಣ ಪಕ್ಷದ ಸಭೆ ಇತ್ತು. ಪಕ್ಷದ ಹೆಸರು ಬೇಡ. ಹೇಳಿದರೂ ನಿಮ್ಮಲ್ಲಿ ಹತ್ತರಲ್ಲಿ ಒಂಬತ್ತು ಜನ ಕೇಳಿರುವುದಿಲ್ಲ. ಸರ್ಕಾರ ಚಿಕ್ಕದಿರಬೇಕು, ತೆರಿಗೆ ಕಡಿಮೆ ಇರಬೇಕು, ರೈತನ ಜಮೀನು ರೈತನದೇ ಆಗಿರಬೇಕು, ಹಿರಿಯರು ಕಟ್ಟಿದ್ದನ್ನು ಕೆಡವುವ ಮೊದಲು ನಾಲ್ಕು ಸಲ ಯೋಚಿಸಬೇಕು... ಇಂಥ ಮಾತಾಡುವ ಪಕ್ಷ. ನನಗೆ ಹಿಡಿಸಿತ್ತು. ಎರಡು ವರ್ಷದಿಂದ ಸದಸ್ಯನಾಗಿದ್ದೆ, ಆಗಾಗ ಐನೂರು ಸಾವಿರ ಕೊಟ್ಟೂ ಇದ್ದೆ. ನಲವತ್ತು ಕುರ್ಚಿ ಹಾಕಿದ್ದರು, ಇಪ್ಪತ್ತಮೂರು ಜನ ಇದ್ದೆವು. ಕಾಫಿ ಕೊಡುವ ಹುಡುಗರಿಬ್ಬರನ್ನೂ ಸೇರಿಸಿ :)

ವೇದಿಕೆಯಲ್ಲಿ ಒಬ್ಬ ಹೊಸಬರು ಕೂತಿದ್ದರು. "ಇವರೇ ನಮ್ಮ ಹೊಸ ಅಧ್ಯಕ್ಷರು" ಅಂತ ಪರಿಚಯ ಆಯಿತು. ಹಳೆಯ ಅಧ್ಯಕ್ಷರು, ಒಬ್ಬ ನಿವೃತ್ತ ಮೇಷ್ಟರು, ಬಸ್ಸಿನಲ್ಲಿ ಊರೂರು ತಿರುಗಿ ಸದಸ್ಯರನ್ನು ಮಾಡುತ್ತಿದ್ದವರು, ಕೊನೆ ಸಾಲಿನಲ್ಲಿ ಕೂತಿದ್ದರು. ಹೊಸಬರ ಅರ್ಹತೆ ಏನು? ಪರಿಚಯ ಮಾಡಿಕೊಟ್ಟವರು ಹೇಳಿದ್ದು ಒಂದೇ. ಇವರಿಗೆ ಒಳ್ಳೆ ಕಾಂಟ್ಯಾಕ್ಟ್ಸ್ ಇದೆ, ಇನ್ನು ಮೇಲೆ ಫಂಡ್ಸ್ ಸಮಸ್ಯೆ ಇರಲ್ಲ. ಆಮೇಲೆ ಮುಕ್ಕಾಲು ಗಂಟೆ ಪವರ್‌ಪಾಯಿಂಟ್. ಅದರಲ್ಲಿ ರೈತ ಅನ್ನುವ ಪದ ಒಂದು ಸಲ ಬಂತು. ಡೋನರ್ ಅನ್ನುವುದು ಎಷ್ಟು ಸಲ ಬಂತೋ, ಎಣಿಸುವುದು ಬಿಟ್ಟೆ.

"ಸಾರ್, ಇವರನ್ನ ಆರಿಸಿದ್ದು ಯಾರು?" ಅಂತ ಎದ್ದು ಕೇಳಿದೆ. ಪ್ರೋಸೆಸ್ ಎಲ್ಲಾ ಆಮೇಲೆ ಮಾಡ್ಕೋಬಹುದು ಅಂದರು. ಪಕ್ಕದಲ್ಲಿದ್ದ ಇನ್ನೊಬ್ಬರು ನನ್ನನ್ನು ಸಮಾಧಾನ ಮಾಡಲು ಒಂದು ಮಾತು ಹೇಳಿದರು. ಈ ಪೋಸ್ಟಿಗೆ ಕಾರಣ ಆ ಮಾತೇ. "ರಾಜಾಜಿ ಅಷ್ಟು ದೊಡ್ಡ ಮನುಷ್ಯ. ಅವರ ಸ್ವತಂತ್ರ ಪಕ್ಷ ದುಡ್ಡಿಲ್ಲದೆ ಸತ್ತುಹೋಯ್ತು. ಆ ತಪ್ಪು ನಾವು ಮಾಡಬಾರದು ನೋಡಿ."

ಮಾರಾಯರೇ, ಇದು ಶುದ್ಧ ತಲೆಕೆಳಗು. ಸ್ವತಂತ್ರ ಪಕ್ಷ ದುಡ್ಡಿಲ್ಲದೆ ಸಾಯಲಿಲ್ಲ. ದುಡ್ಡು ಎಲ್ಲಿಂದ ಬರಬೇಕು ಅನ್ನುವುದನ್ನು ತಪ್ಪಾಗಿ ತಿಳಿದುಕೊಂಡು ಸತ್ತಿತು.

ಕತೆ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1959ರ ಜನವರಿಯಲ್ಲಿ ಕಾಂಗ್ರೆಸ್ಸಿನ ನಾಗಪುರ ಅಧಿವೇಶನ ಸಹಕಾರಿ ಕೂಡು ಬೇಸಾಯದ ನಿರ್ಣಯ ಮಾಡಿತು. ಜಮೀನು ಕೈತಪ್ಪುತ್ತದೆ ಅಂತ ರೈತರಿಗೆ ದಿಗಿಲು. ಎನ್. ಜಿ. ರಂಗಾ ಕಾಂಗ್ರೆಸ್ ಬಿಟ್ಟು ಬಂದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ, ಗವರ್ನರ್ ಜನರಲ್ ಆಗಿ, ಮದರಾಸಿನ ಮುಖ್ಯಮಂತ್ರಿಯಾಗಿ ಎಲ್ಲಾ ಮುಗಿಸಿ ಮನೆಯಲ್ಲಿ ಕೂತಿರಬಹುದಾಗಿದ್ದ ರಾಜಾಜಿ ತಮ್ಮ 80ನೇ ವಯಸ್ಸಿನಲ್ಲಿ ಹೊಸ ಪಕ್ಷ ಕಟ್ಟಲು ಹೊರಟರು. (ನಮಗೆ ನಲವತ್ತಕ್ಕೇ ಸೊಂಟ ನೋವು.) ಜೂನ್‌ನಲ್ಲಿ ಮದರಾಸಿನಲ್ಲಿ ಘೋಷಣೆ, ಆಗಸ್ಟಿನಲ್ಲಿ ಮುಂಬಯಿಯಲ್ಲಿ ಅಧಿವೇಶನ. ರಂಗಾ ಅಧ್ಯಕ್ಷರು, ಮೀನೂ ಮಸಾನಿ ಪ್ರಧಾನ ಕಾರ್ಯದರ್ಶಿ. "ಪರ್ಮಿಟ್ ಲೈಸೆನ್ಸ್ ರಾಜ್" ಅನ್ನುವ ಮಾತನ್ನು ರೂಢಿಗೆ ತಂದವರು ರಾಜಾಜಿ. ಇವತ್ತು ಅದನ್ನು ಟಿವಿಯಲ್ಲಿ ಬಳಸುವ ಎಷ್ಟೋ ಜನಕ್ಕೆ ಅದು ಎಲ್ಲಿಂದ ಬಂತು ಅಂತಲೇ ಗೊತ್ತಿಲ್ಲ.

ಅಧ್ಯಕ್ಷರು ರೈತ ನಾಯಕ, ಲೆಕ್ಕಪತ್ರ ನೋಡುವವರು ಮುಂಬಯಿಯವರು. ಜೋಡಿ ಚೆನ್ನಾಗಿಯೇ ಇತ್ತು. ಆದರೆ ಖರ್ಚಿಗೆ ದುಡ್ಡು?

ಇಲ್ಲಿ ಎರಡು ಬಾಗಿಲು ತೆರೆದರು. ಒಂದು ಉದ್ಯಮಿಗಳದ್ದು. 1961ರಲ್ಲಿ ಜೆ. ಆರ್. ಡಿ. ಟಾಟಾ ನೇರವಾಗಿ ನೆಹರೂಗೇ ಪತ್ರ ಬರೆದು, ಕಾಂಗ್ರೆಸ್ಸಿಗೆ ಕೊಡುವುದರ ಜೊತೆ ಸ್ವತಂತ್ರ ಪಕ್ಷಕ್ಕೂ ಕೊಡುತ್ತೇವೆ ಅಂತ ತಿಳಿಸಿದರು. ಕೊಡಲು ನೀವು ಸ್ವತಂತ್ರರು, ಆದರೆ ಆ ಪಕ್ಷದ ಮೇಲೆ ನಿಮ್ಮ ನಿರೀಕ್ಷೆ ಸರಿಯಲ್ಲ ಅನ್ನುವ ಅರ್ಥದಲ್ಲಿ ನೆಹರೂ ಉತ್ತರಿಸಿದರು. ಇಬ್ಬರೂ ಮರ್ಯಾದಸ್ತರು, ಅದು ಬೇರೆ ಮಾತು. ಆದರೆ ಟಾಟಾ ಅವರಷ್ಟು ಎದೆಗಾರಿಕೆ ಎಲ್ಲರಿಗೂ ಇರುತ್ತದೆಯೇ? 1960ರಲ್ಲಿ ಕಂಪನಿ ಕಾಯ್ದೆಗೆ ತಿದ್ದುಪಡಿಯಾಗಿ, ಪಕ್ಷಗಳಿಗೆ ಕೊಟ್ಟ ದೇಣಿಗೆಗೆ ಮಿತಿ ಬಂದಿತ್ತು, ಅದನ್ನು ಲೆಕ್ಕದಲ್ಲಿ ತೋರಿಸಬೇಕು ಅಂತಲೂ ಆಗಿತ್ತು. ಅಂದರೆ ಯಾರು ಯಾರಿಗೆ ಕೊಟ್ಟರು ಅಂತ ದಿಲ್ಲಿಗೆ ಕಾಣುತ್ತಿತ್ತು. ಲೈಸೆನ್ಸ್ ಕೊಡುವವರು ಯಾರು? ಅದೇ ದಿಲ್ಲಿ. ಹಾಗಾಗಿ ನಮ್ಮ ಉದ್ಯಮಿಗಳು ಏನು ಮಾಡಿದರು ಅಂದರೆ, ಊಟದ ಮೇಜಿನಲ್ಲಿ ರಾಜಾಜಿಯನ್ನು ಹೊಗಳಿ, ದೊಡ್ಡ ಚೆಕ್ಕನ್ನು ಕಾಂಗ್ರೆಸ್ಸಿಗೆ ಬರೆದರು. ಸೇಠ್‌ಗಳ ಪಕ್ಷ ಅಂತ ಬೈಸಿಕೊಂಡದ್ದು ಸ್ವತಂತ್ರ, ಸೇಠ್‌ಗಳ ದುಡ್ಡಿನಲ್ಲಿ ಹೆಚ್ಚು ಪಾಲು ಹೋದದ್ದು ಕಾಂಗ್ರೆಸ್ಸಿಗೆ. ಇದಕ್ಕಿಂತ ಕೆಟ್ಟ ವ್ಯಾಪಾರ ಉಂಟೇ?

ಎರಡನೇ ಬಾಗಿಲು ಅರಮನೆಗಳದ್ದು. ಈ ಬಾಗಿಲಿನಿಂದ ಬಂದವರು ಚೆಕ್ಕಿನ ಜೊತೆ ತಾವೂ ಬಂದರು. ತಮ್ಮ ಖರ್ಚು ತಾವೇ ನೋಡಿಕೊಳ್ಳುತ್ತೇವೆ ಅನ್ನುವವರಿಗೆ ಟಿಕೆಟ್ ಇಲ್ಲ ಅನ್ನುವ ಧೈರ್ಯ ಯಾವ ಬಡ ಪಕ್ಷಕ್ಕೂ ಇರುವುದಿಲ್ಲ. ಕೆಲವರು ನಿಜವಾಗಿಯೂ ಜನಪ್ರಿಯರೇ. ಜೈಪುರದ ಗಾಯತ್ರಿ ದೇವಿ 1962ರಲ್ಲಿ 1,92,909 ಮತ ಪಡೆದು ಎದುರಾಳಿಗಳನ್ನು ಗುಡಿಸಿ ಹಾಕಿದರು. ಅವರನ್ನು ನಾನು ದೂರುತ್ತಿಲ್ಲ. ನೋಡಬೇಕಾದದ್ದು ಬಿಹಾರ. ರಾಮಗಢದ ರಾಜಾ ಕಾಮಾಖ್ಯ ನಾರಾಯಣ ಸಿಂಗ್ ತಮ್ಮದೇ ಆದ ಜನತಾ ಪಕ್ಷವನ್ನು ತಂದು ಸ್ವತಂತ್ರಕ್ಕೆ ಸೇರಿಸಿದರು. 1962ರಲ್ಲಿ ಅಲ್ಲಿನ ವಿಧಾನಸಭೆಯಲ್ಲಿ 50 ಸ್ಥಾನ ಬಂತು. ಮುಂಬಯಿ ಕಚೇರಿಯಲ್ಲಿ ಸಂಭ್ರಮ ಆಗಿರಬೇಕು. ಆದರೆ ಆ 50 ಯಾರದ್ದು? ದುಡ್ಡು ರಾಜನದ್ದು, ಜನ ರಾಜನವರು, ಘಟಕವೂ ರಾಜನದ್ದೇ. 1964ರಲ್ಲಿ ರಾಜ ಮುನಿಸಿಕೊಂಡು ಹೊರಟರು. ಘಟಕ ಅವರ ಹಿಂದೆಯೇ ಹೊರಟಿತು. ಕೇಂದ್ರ ನಾಯಕರು ಏನು ಮಾಡಲು ಸಾಧ್ಯವಿತ್ತು? ಅವರದ್ದು ಅಂತ ಅಲ್ಲಿ ಒಂದು ಬೆಂಚೂ ಇರಲಿಲ್ಲ.

ನಮ್ಮ ಪವರ್‌ಪಾಯಿಂಟ್ ಅಧ್ಯಕ್ಷರ ಎದುರು ಹಿಡಿಯಬೇಕಾದ ಕನ್ನಡಿ ಇದು. ದುಡ್ಡು ತರುವವನಿಗೆ ಕುರ್ಚಿ ಕೊಟ್ಟರೆ ಅವನು ಏಳುವಾಗ ಕುರ್ಚಿಯನ್ನೂ ಹೊತ್ತುಕೊಂಡು ಹೋಗುತ್ತಾನೆ.

ಗುಜರಾತಿನಲ್ಲಿ ಬೇರೆ ಥರ ಆಯಿತು. ಅಲ್ಲಿ ಭಾಯಿಲಾಲ್‌ಭಾಯಿ ಪಟೇಲ್ ಇದ್ದರು, ಜನ ಭಾಯಿಕಾಕಾ ಅನ್ನುತ್ತಿದ್ದರು. ಎಂಜಿನಿಯರು. ವಲ್ಲಭ ವಿದ್ಯಾನಗರ ಅನ್ನುವ ಊರನ್ನೇ ಕಟ್ಟಿದವರು. ಖೇಡಾ ಸೀಮೆಯ ರೈತರಿಗೆ ಅವರು ಮನೆಯವರು. ಅಲ್ಲಿ ರೈತರು, ಕ್ಷತ್ರಿಯರು ಸೇರಿ 1967ರಲ್ಲಿ 168ರಲ್ಲಿ 66 ಸ್ಥಾನ ಗೆದ್ದರು. ಗುಜರಾತಿನಲ್ಲಿ ಗಿರಣಿ ಮಾಲೀಕರ ದುಡ್ಡಿರಲಿಲ್ಲ ಅಂತ ಹೇಳುವಷ್ಟು ಮುಗ್ಧ ನಾನಲ್ಲ. ಆದರೆ ದುಡ್ಡಿಗೆ ಮೊದಲು ಅಲ್ಲಿ ಒಬ್ಬ ಮನುಷ್ಯ ಇದ್ದ, ಅವನಿಗೆ ಒಂದು ಊರು ಇತ್ತು.

ನಮ್ಮ ಕಡೆಗೆ ಬರೋಣ. 1967ರಲ್ಲಿ ಮೈಸೂರು ರಾಜ್ಯದ 27 ಲೋಕಸಭಾ ಸ್ಥಾನಗಳಲ್ಲಿ ಸ್ವತಂತ್ರ ಪಕ್ಷ 5 ಗೆದ್ದಿತು. ವಿಧಾನಸಭೆಯಲ್ಲಿ 1962ರಲ್ಲಿ 9 ಇದ್ದದ್ದು 16 ಆಯಿತು. ಚಿತ್ರದುರ್ಗದಿಂದ ಗೆದ್ದವರು ಜೆ. ಮೊಹಮ್ಮದ್ ಇಮಾಂ. ನಮ್ಮ ತಾತ ಹೊಳಲ್ಕೆರೆ ಕಡೆಯವರು, ನಾಲ್ಕು ಎಕರೆ ಅಡಿಕೆ ತೋಟ, ಸ್ವಲ್ಪ ಹೊಲ. ಆ ಸಲ ನಕ್ಷತ್ರದ ಗುರುತಿಗೆ ಓಟು ಹಾಕಿದ್ದನ್ನು ಕೊನೇವರೆಗೂ ಹೇಳುತ್ತಿದ್ದರು. ಯಾವ ಪಕ್ಷ ತಾತ ಅಂದರೆ "ಇಮಾಂ ಸಾಹೇಬ್ರ ಪಕ್ಷ" ಅನ್ನುತ್ತಿದ್ದರೇ ಹೊರತು ಸ್ವತಂತ್ರ ಅನ್ನುವ ಹೆಸರು ಅವರ ಬಾಯಲ್ಲಿ ನಾನು ಕೇಳಿಲ್ಲ. ಓಟು ಮನುಷ್ಯನಿಗೆ ಬಿತ್ತು, ಪಕ್ಷಕ್ಕಲ್ಲ. 1971ರಲ್ಲಿ ಇಂದಿರಾ ಅಲೆ ಬಂದಾಗ 27ಕ್ಕೆ 27ನ್ನೂ ಅವರ ಕಾಂಗ್ರೆಸ್ ಬಾಚಿಕೊಂಡಿತು. ನಮ್ಮ ತಾತ ಯಾರಿಗೆ ಹಾಕಿದರೋ, ಕೇಳಲು ಈಗ ಅವರಿಲ್ಲ.

ಇನ್ನು ಆ "ದುಡ್ಡಿಲ್ಲದೆ ಸತ್ತಿತು" ಅನ್ನುವುದಕ್ಕೆ ಬರುತ್ತೇನೆ. 1967ರಲ್ಲಿ ಲೋಕಸಭೆಯಲ್ಲಿ 44 ಸ್ಥಾನ ಗೆದ್ದು ದೊಡ್ಡ ವಿರೋಧ ಪಕ್ಷವಾಗಿತ್ತು ಸ್ವತಂತ್ರ. 1969ರಲ್ಲಿ ಇಂದಿರಾ ಸರ್ಕಾರ ಕಂಪನಿಗಳು ಪಕ್ಷಗಳಿಗೆ ದೇಣಿಗೆ ಕೊಡುವುದನ್ನೇ ನಿಷೇಧಿಸಿತು. ಸ್ವತಂತ್ರ, ಜನಸಂಘಗಳ ಕೈ ಕಟ್ಟಲಿಕ್ಕೇ ಅಂತ ಆಗಿನಿಂದಲೂ ಮಾತಿದೆ, ಇರಬಹುದು. ನಿಷೇಧ ಕಾಗದದ ಮೇಲೆ ಎಲ್ಲರಿಗೂ ಒಂದೇ. ಆದರೆ ಅಧಿಕಾರದಲ್ಲಿರುವವರಿಗೆ ಸೂಟ್‌ಕೇಸಿನಲ್ಲಿ ಬರುತ್ತದೆ, ಇಲ್ಲದವರಿಗೆ ಚೆಕ್ಕೂ ನಿಂತುಹೋಗುತ್ತದೆ. 1971ರಲ್ಲಿ 44 ಹೋಗಿ 8 ಆಯಿತು. ಮತ ಶೇಕಡಾ 8.67ರಿಂದ 3.07ಕ್ಕೆ ಇಳಿಯಿತು. ಬ್ಯಾಂಕ್ ರಾಷ್ಟ್ರೀಕರಣ, ಗರೀಬಿ ಹಟಾವೋ ಎಲ್ಲಾ ಇದ್ದವು, ಸೋಲು ಹೇಗೂ ಬರುತ್ತಿತ್ತು. ಸೋತ ಪಕ್ಷ ಮತ್ತೆ ಏಳಲಿಲ್ಲವಲ್ಲ, ಅದು ಯಾಕೆ? ಹನ್ನೆರಡು ವರ್ಷದಲ್ಲಿ ಒಂದು ಪಕ್ಷಕ್ಕೆ ಲಕ್ಷಾಂತರ ಜನ ಓಟು ಹಾಕಿದ್ದಾರೆ. ಆ ಜನರೇ ವರ್ಷಕ್ಕಿಷ್ಟು ಅಂತ ಕೊಟ್ಟು ಪಕ್ಷ ನಡೆಸುವ ಅಭ್ಯಾಸ ಬೆಳೆದಿದ್ದರೆ ಒಂದು ಕಾಯ್ದೆಯಿಂದ ಉಸಿರು ನಿಲ್ಲುತ್ತಿತ್ತೇ? ಆ ಅಭ್ಯಾಸ ಬೇರು ಬಿಟ್ಟಿರಲಿಲ್ಲ. ಇಂದಿರಾ ಕತ್ತರಿಸಿದ್ದು ಒಂದು ಕೊಳವೆಯನ್ನು. ಬಾವಿ ತೋಡದೇ ಇದ್ದದ್ದು ಇವರು.

ಆಮೇಲಿನದು ಬೇಗ ಮುಗಿಯುತ್ತದೆ. ರಂಗಾ ನಂತರ ಅಧ್ಯಕ್ಷರಾಗಿದ್ದ ಮಸಾನಿ 1971ರ ಸೋಲಿನ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. (ಸೋತ ಅಧ್ಯಕ್ಷ ರಾಜೀನಾಮೆ ಕೊಡುತ್ತಿದ್ದ ಕಾಲವೂ ಇತ್ತು ನೋಡಿ!) ರಂಗಾ ಮತ್ತೆ ಕಾಂಗ್ರೆಸ್ಸಿಗೇ ಹೋದರು. 1972ರ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು. ಕೊನೆಗೆ ಅಧ್ಯಕ್ಷಗಿರಿ ಪೀಲೂ ಮೋದಿಯವರಿಗೆ ಬಂತು. ಬುದ್ಧಿವಂತ, ಹಾಸ್ಯಗಾರ, ಸಂಸತ್ತಿಗೆ "ನಾನು ಸಿಐಎ ಏಜೆಂಟ್" ಅಂತ ಫಲಕ ತಗುಲಿಸಿಕೊಂಡು ಬಂದ ಪುಣ್ಯಾತ್ಮ. 1974ರಲ್ಲಿ ಅವರು ಪಕ್ಷವನ್ನು ಚರಣ್ ಸಿಂಗರ ಭಾರತೀಯ ಲೋಕದಳದಲ್ಲಿ ಕರಗಿಸಿದರು. ಹೊಸ ನಾಯಕ ಬಂದರೆ ಎಲ್ಲಾ ಸರಿಹೋಗುತ್ತದೆ ಅನ್ನುವವರು ಪೀಲೂ ಮೋದಿಯವರನ್ನು ನೆನೆಸಿಕೊಳ್ಳಲಿ. ಅಂಥ ಚತುರನ ಕೈಯಲ್ಲೂ ಆಗಲಿಲ್ಲ.

ನಮ್ಮ ಹೊಸ ಅಧ್ಯಕ್ಷರ ಕಾಂಟ್ಯಾಕ್ಟ್ಸ್ ವಿಷಯ ಇನ್ನೂ ತಮಾಷೆ. ಕಂಪನಿ ದೇಣಿಗೆ 1985ರಲ್ಲೇ ಮತ್ತೆ ಕಾನೂನುಬದ್ಧ ಆಯಿತು. 2017ರಲ್ಲಿ ಇದ್ದಬದ್ದ ಮಿತಿಯನ್ನೂ ತೆಗೆದರು, ಚುನಾವಣಾ ಬಾಂಡ್ ತಂದರು. ಕೊಟ್ಟವರ ಹೆಸರು ಹೊರಬಂದರೆ ಪ್ರತೀಕಾರದ ಭಯ ಇರುತ್ತದೆ ಅನ್ನುವುದು ಆಗಿನ ಸಮರ್ಥನೆ. ರಾಜಾಜಿ ಕಾಲದ ಭಯವೇ. ಇದರಿಂದ ಸಣ್ಣ ಪಕ್ಷಗಳಿಗೆ ಉಪಕಾರ ಆಗಬೇಕಿತ್ತು ತಾನೇ? ಆ ಬಾಂಡ್ ಪಡೆಯಲು ಹಿಂದಿನ ಚುನಾವಣೆಯಲ್ಲಿ ಕನಿಷ್ಠ ಶೇಕಡಾ 1 ಮತ ಬಂದಿರಬೇಕು ಅಂತ ನಿಯಮ ಇತ್ತು! ಬಾಗಿಲು ತೆರೆದು ಹೊಸಿಲನ್ನು ಎದೆಯೆತ್ತರ ಮಾಡಿದಂತೆ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು, ಆಮೇಲೆ ಪಟ್ಟಿ ಹೊರಬಂತು, ಅತಿ ಹೆಚ್ಚು ಪಡೆದದ್ದು ಕೇಂದ್ರದಲ್ಲಿ ಆಳುವ ಬಿಜೆಪಿ. ಕುರ್ಚಿ ಇದ್ದ ಕಡೆಗೇ ದುಡ್ಡು ಹರಿಯುತ್ತದೆ ಅನ್ನುವುದಕ್ಕೆ 1961 ಆದರೇನು 2024 ಆದರೇನು. ಒಂದು ಪಂಚಾಯ್ತಿಯಲ್ಲೂ ಹೆಸರಿಲ್ಲದ ಪಕ್ಷಕ್ಕೆ ಯಾವ ಕೈಗಾರಿಕೋದ್ಯಮಿ ಯಾವ ಕಾರಣಕ್ಕೆ ಕೋಟಿ ಕೊಡುತ್ತಾನೆ? ಕೊಟ್ಟರೆ ಆಗ ಹೆದರಬೇಕು.

"ಹಾಗಾದರೆ ನೀನೇನು ಹೇಳ್ತೀಯ, ಹಸಿದುಕೊಂಡು ರಾಜಕೀಯ ಮಾಡೋದಾ?" ಅಂತ ಗೆಳೆಯನೊಬ್ಬ ಫೋನಿನಲ್ಲಿ ಬೈದ. ಅವನ ಮಾತಿನಲ್ಲಿ ನಿಜ ಇದೆ. ವಿಧಾನಸಭೆಗೆ ಠೇವಣಿಯೇ 10,000, ಲೋಕಸಭೆಗೆ 25,000. ಒಬ್ಬ ಅಭ್ಯರ್ಥಿ ಕಾನೂನಿನ ಪ್ರಕಾರ ವಿಧಾನಸಭೆಗೆ ಖರ್ಚು ಮಾಡಬಹುದಾದದ್ದು 40 ಲಕ್ಷ, ನಿಜವಾಗಿ ಆಗುವ ಖರ್ಚು ಎಷ್ಟು ಅಂತ ನಿಮಗೂ ಗೊತ್ತು. ಮೇಷ್ಟರು ಬಸ್ಸಿನಲ್ಲಿ ತಿರುಗಿ ಇದನ್ನು ಹೊಂದಿಸಲಾರರು. ಆದರೆ ಐನೂರು ಜನ ತಿಂಗಳಿಗೆ ಇನ್ನೂರು ಕೊಟ್ಟರೆ ವರ್ಷಕ್ಕೆ 12 ಲಕ್ಷ. ಎರಡು ತಾಲ್ಲೂಕಿನಲ್ಲಿ ಕೆಲಸ ಮಾಡಲು ಸಾಕು. ಮಿಗಿಲಾಗಿ, ಇನ್ನೂರು ಕೊಡುವವನು ಲೆಕ್ಕ ಕೇಳುತ್ತಾನೆ, ಸಭೆಗೆ ಬರುತ್ತಾನೆ, ಅಧ್ಯಕ್ಷನನ್ನು ಆರಿಸಿದ್ದು ಯಾರು ಅಂತ ಎದ್ದು ನಿಂತು ಕೇಳುತ್ತಾನೆ. ಅವನು ಬೇಡವಾಗಿರುವುದೂ ಅದಕ್ಕೇ ಇರಬಹುದು.

ಮತ್ತೊಂದು ಮಾತು, ವಿಷಯದಿಂದ ಸ್ವಲ್ಪ ಆಚೆ. 1989ರಿಂದ ನಮ್ಮಲ್ಲಿ ಪಕ್ಷ ನೋಂದಾಯಿಸಬೇಕಾದರೆ ಸಮಾಜವಾದಕ್ಕೆ ನಿಷ್ಠೆ ಅಂತ ಬರೆದುಕೊಡಬೇಕು. ಸ್ವತಂತ್ರ ಪಕ್ಷದ ಹಳಬ ಎಸ್. ವಿ. ರಾಜು ಹಾಗೆ ಸುಳ್ಳು ಬರೆದುಕೊಡಲು ಒಪ್ಪದೆ 1996ರಲ್ಲಿ ಮುಂಬಯಿ ಹೈಕೋರ್ಟಿಗೆ ಹೋದರು. ಪಕ್ಷ ಇಲ್ಲ, ದುಡ್ಡಿಲ್ಲ, ಆದರೂ ಒಂದು ಸಾಲಿಗೆ ಸಹಿ ಹಾಕಲ್ಲ ಅಂತ ನಿಂತ ಮನುಷ್ಯ. ನಮ್ಮ ಸಭೆಯಲ್ಲಿ ಆ ಹೆಸರು ಹೇಳಿದೆ. ಹೊಸ ಅಧ್ಯಕ್ಷರು "ಅವರು ಈಗ ಯಾವ ಕಂಪನೀಲಿದಾರೆ?" ಅಂತ ಕೇಳಿದರು.

ರಾಜು ತೀರಿಕೊಂಡಿದ್ದಾರೆ ಸಾರ್, ಅಂದೆ.

ಸಭೆ ಮುಗಿದ ಮೇಲೆ ಮೇಷ್ಟರೊಡನೆ ಮೆಜೆಸ್ಟಿಕ್ ಬಸ್ಸು ಹತ್ತಿದೆ. ಅವರ ಬ್ಯಾಗಿನಲ್ಲಿ ರಸೀದಿ ಪುಸ್ತಕ ಇತ್ತು, ಇನ್ನೂ ಅರ್ಧ ಖಾಲಿ. ಇದನ್ನ ಯಾರಿಗೆ ಒಪ್ಪಿಸೋದು ಅಂತ ಅಲ್ಲಿ ಒಬ್ಬರೂ ಹೇಳಲಿಲ್ಲ ಕಣಪ್ಪ ಅಂದರು. ನಾನು ಹೊಸ ಕಚೇರಿಗೆ ನಾನು ಕೊಟ್ಟ ದುಡ್ಡಿನ ಲೆಕ್ಕ ಕೇಳಿ ಮೇಲ್ ಹಾಕಿ ಮೂರು ವಾರ ಆಯಿತು. ಉತ್ತರ ಬಂದಿಲ್ಲ. ನಿನ್ನೆ ಮಾತ್ರ ವಾಟ್ಸಾಪಿನಲ್ಲಿ ಒಂದು ಕ್ಯೂಆರ್ ಕೋಡ್ ಬಂದಿದೆ.