ಗಿಡ ಸರಿ, ನೆಲ?

ಕೃತಕ ಬುದ್ಧಿಯ ಯಂತ್ರ ಬರೆದ ಕೈಪಿಡಿ ನಂಬಿ ಅಣಬೆ, ಕಾಡುಸೊಪ್ಪು ಕಿತ್ತು ತಿನ್ನಬೇಡಿ ಎಂಬ ಎಚ್ಚರಿಕೆಗೆ ನನ್ನ ತಕರಾರಿಲ್ಲ. 2023ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಮೈಕಾಲಜಿಕಲ್ ಸೊಸೈಟಿ ಅಂಥ ಅಣಬೆ ಪುಸ್ತಕಗಳ ಬಗ್ಗೆ ಜನರನ್ನು ಎಚ್ಚರಿಸಿತು. ಅಮೆಜಾನ್ ಕೆಲವನ್ನು ತೆಗೆದುಹಾಕಿತು. ಮರುತಿಂಗಳೇ, ತಾವೇ ಪುಸ್ತಕ ಪ್ರಕಟಿಸುವವರು ದಿನಕ್ಕೆ ಮೂರಕ್ಕಿಂತ ಹೆಚ್ಚು ಏರಿಸಬಾರದೆಂದು ಮಿತಿ ಹಾಕಿತು. (ದಿನಕ್ಕೆ ಮೂರು ಪುಸ್ತಕ ಬರೆಯುವ ಮನುಷ್ಯನನ್ನು ನಾನಂತೂ ಕಂಡಿಲ್ಲ.) ಆದರೆ ಈ ಎಚ್ಚರಿಕೆಯ ಬೆನ್ನಿಗೇ, ಮನುಷ್ಯರು ಬರೆದದ್ದಾದರೆ ಭಯವಿಲ್ಲ ಎಂಬ ಸಮಾಧಾನವೂ ಬರುತ್ತದೆ. ಅದನ್ನು ಒಪ್ಪುವುದು ನನಗೆ ಕಷ್ಟ.

1988ರಲ್ಲಿ ಅಮೆರಿಕದ ಇಬ್ಬರು ‘ದಿ ಎನ್‌ಸೈಕ್ಲೊಪೀಡಿಯಾ ಆಫ್ ಮಶ್ರೂಮ್ಸ್’ ನೋಡಿ ಅಣಬೆ ಆರಿಸಿ ತಿಂದರು. ಇಬ್ಬರಿಗೂ ಯಕೃತ್ತಿನ ಕಸಿ ಮಾಡಬೇಕಾಯಿತು. ಪುಸ್ತಕದ ವಿಷಯ ಸರಿಯೇ ಎಂದು ಪರೀಕ್ಷಿಸುವ ಹೊಣೆ ಪ್ರಕಾಶಕರದಲ್ಲವೆಂದು 1991ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು.

ಹಾಗಾದರೆ ಊರ ಹಿರಿಯರನ್ನು ಕೇಳೋಣ ಎನ್ನಬಹುದು. ಇದು ಹೆಚ್ಚು ಗಟ್ಟಿಯಾದ ವಾದ, ಆದರೆ ಅದೂ ಸದಾ ಕಾಯದು. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಟವೆಲ್, ಚಾದರ ಕಾರ್ಖಾನೆಗಳ ಸುತ್ತಿನಂಥ ಬಯಲುಗಳಲ್ಲಿ ಮಳೆ ಬಿದ್ದರೆ ಸಾಕು, ತಗಚೆ ಏಳುತ್ತದೆ, ಮರಾಠಿಯವರ ಟಾಕಳಾ. ಎಳೆ ಎಲೆಯ ಪಲ್ಯ ಮಾಡುತ್ತಾರೆ. ಅದರ ದಾಯಾದಿ ಕಾಸಮರ್ದ, ಮರಾಠಿಯ ಕಾಸವಿಂದಾ. ಎರಡರದೂ ಹಳದಿ ಹೂ, ಎರಡಕ್ಕೂ ಕೆಟ್ಟ ವಾಸನೆ. ತಗಚೆಗೆ ಸಾಮಾನ್ಯವಾಗಿ ಮೂರು ಜೊತೆ ಕಿರುಎಲೆ, ತುದಿ ದುಂಡು. ಕಾಸಮರ್ದಕ್ಕೆ ನಾಲ್ಕರಿಂದ ಆರು ಜೊತೆ, ತುದಿ ಚೂಪು. ತಗಚೆಯ ಕಾಯಿ ಉದ್ದ, ಸಪೂರ, ಕಾಸಮರ್ದದ್ದು ಚಪ್ಪಟೆ. ಪಶ್ಚಿಮ ಉತ್ತರ ಪ್ರದೇಶದಲ್ಲಿ ವರ್ಷ ವರ್ಷವೂ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ, ಮೆದುಳುಜ್ವರವೆಂದೇ ತಿಳಿದಿದ್ದ ಕಾಯಿಲೆ ಈ ಕಾಸಮರ್ದದ ಬೀಜ ತಿಂದದ್ದರಿಂದ ಎಂದು ವೈದ್ಯರು 2007ರಲ್ಲಿ ತೋರಿಸಿಕೊಟ್ಟರು. ಅವು ಹಳ್ಳಿಯ ಮಕ್ಕಳು. ಗಿಡ ಮನೆಯ ಸುತ್ತಲೇ ಬೆಳೆಯುವ ಕಳೆ, ದೊಡ್ಡವರು ದಿನಾ ಕಂಡದ್ದು. ಆ ಸಾವುಗಳಲ್ಲಿ ಪುಸ್ತಕದ ಪಾತ್ರವೂ ಇಲ್ಲ, ಯಂತ್ರದ್ದೂ ಇಲ್ಲ.

ಇನ್ನೊಂದು ನಂಬಿಕೆಯಂತೂ ಎಲ್ಲರಲ್ಲೂ ಇದೆ: ಗಿಡ ಯಾವುದೆಂದು ಗುರುತು ಹಿಡಿದರೆ ಕೆಲಸ ಮುಗಿಯಿತು. ಗೋಳಿ ಸೊಪ್ಪು ಗೋಳಿಯೇ, ರಾಜಗಿರಿ ರಾಜಗಿರಿಯೇ ಇರಬಹುದು. ಆದರೆ ಇಂಥ ಸೊಪ್ಪುಗಳು ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಮ್‌ಗಳನ್ನೂ ಹೀರಿಕೊಳ್ಳುತ್ತವೆ. ತೊಳೆದರೆ ಧೂಳು ಹೋದೀತು. ಎಲೆಯೊಳಗೆ ಸೇರಿದ್ದು ಹೋಗದು. ಯಾವುದೋ ಗಟಾರದ ಅಂಚಿನ ನೆಲ ವಿಷವೆಂದು ಪರೀಕ್ಷೆಯಿಲ್ಲದೆ ನಾನು ಹೇಳಲಾರೆ. ಶುದ್ಧವೆಂದು ಕೈಪಿಡಿಯೂ ಹೇಳಲಾರದು. ಚಿತ್ರಕ್ಕೆ ಹೋಲಿಸಿ ‘ಇದು ತಿನ್ನಬಹುದು’ ಎನ್ನುವ ಫೋನಿಗಂತೂ ಗಿಡ ನಿಂತ ಜಾಗ ಕಾಣುವುದೇ ಇಲ್ಲ.

ಹಾಗೆಂದು ಎಲ್ಲ ತಪ್ಪುಗಳೂ ಸಮವಲ್ಲ. ಒಬ್ಬ ಅಜ್ಜಿಯ ತಪ್ಪು ಹೆಚ್ಚೆಂದರೆ ಒಂದು ಓಣಿಗೆ ತಟ್ಟೀತು. ಯಂತ್ರದ್ದು ಊರೂರಿಗೆ ಹೋಗುತ್ತದೆ. ಹೆಸರು ಹಾಕಿಕೊಂಡ ಲೇಖಕರಿಗೆ ಪತ್ರ ಬರೆದರೆ ಮುಂದಿನ ಮುದ್ರಣದಲ್ಲಾದರೂ ತಿದ್ದಬಹುದು. ಯಂತ್ರದ ಪುಸ್ತಕದ ಹೊದಿಕೆಯ ಮೇಲಿನ ಲೇಖಕ ಇದ್ದಾನೋ ಇಲ್ಲವೋ. ಆದ್ದರಿಂದ ಸೊಪ್ಪು ಕೊಳ್ಳುವಾಗ ನಾನು ಅದರ ಹೆಸರಿಗಿಂತ ಮೊದಲು ಕೇಳುವುದು, ‘ಎಲ್ಲಿಂದ ಕಿತ್ತ ತಂದ್ರಿ ಅವ್ವಾ?’ ಮಾರುವಾಕೆ ಮುಂದಿನ ವಾರವೂ ಅದೇ ಜಾಗದಲ್ಲಿ ಕೂಡಬೇಕಾದವಳು. ‘ನಮ್ಮ ಹೊಲದ್ದ ರೀ’ ಎಂದರೆ ಎರಡು ಸಿವುಡು ಕೊಳ್ಳುತ್ತೇನೆ. ‘ಇಲ್ಲೇ, ರಸ್ತೆ ದಂಡಿಗಿ’ ಎಂದರೆ ಮೆಂತ್ಯದ ಕಡೆ ಕೈ ತೋರಿಸುತ್ತೇನೆ.