ಪೆಡಲ್ ಎಲ್ಲಿದ್ದಾಗ ಸದ್ದು?

ತಾಳಬೆಟ್ಟ ದಾಟಿ ಮಲೆ ಮಹದೇಶ್ವರ ಬೆಟ್ಟದ ಏರು ಹತ್ತುವಾಗ, ಅದರಲ್ಲೂ ಅಮಾವಾಸ್ಯೆಯ ಹಿಂದುಮುಂದಿನ ದಿನಗಳಲ್ಲಿ, ಗಾಡಿ ನಾಲ್ಕು ಮಾರು ಹೋಗಿ ನಿಲ್ಲುತ್ತದೆ. ಮತ್ತೆ ನಾಲ್ಕು ಮಾರು, ಮತ್ತೆ ನಿಲುಗಡೆ. ಮುಂದೆ ಬಸ್ಸು, ಹಿಂದೆ ಟೆಂಪೊ. ಹಿಂದಕ್ಕೆ ಜಾರಿಬಿಟ್ಟರೆ ಎಂಬ ಭಯಕ್ಕೆ ಓಡಿಸುವವರು ಹಾಫ್ ಕ್ಲಚ್ಚಿನಲ್ಲೇ ಕಾರನ್ನು ಹಿಡಿದು ನಿಲ್ಲಿಸಿಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಸುಟ್ಟ ವಾಸನೆ ಬರುತ್ತದೆ. ಅದು ಮುಂದಿನ ಬಸ್ಸಿನದು ಎಂದುಕೊಂಡು ಸುಮ್ಮನಾಗುತ್ತೇವೆ. ಹನೂರಿಗೋ ಕೊಳ್ಳೇಗಾಲಕ್ಕೋ ವಾಪಸು ಬಂದ ಮೇಲೆ ಒಂದು ದಿನ ಕಾಲಡಿಯಿಂದ ‘ಕಿರ್ರ್’ ಎಂದು ಶುರುವಾಗುತ್ತದೆ.

ಆಗ ಕೇಳಿಬರುವ ಮಾತು ಒಂದೇ: ಕ್ಲಚ್ ಹೋಗಿದೆ, ಸೆಟ್ ಹಾಕಿಸಿ. ಇರಬಹುದು. ಆದರೆ ಕ್ಲಚ್ಚಿನ ಕಡೆಯಿಂದ ಬರುವ ಸದ್ದೆಲ್ಲ ಕ್ಲಚ್ಚಿನದಲ್ಲ. ಮಾರುತಿ 800ನಂಥ ಹಳೆಯ ಕಾರನ್ನೇ ನೋಡಿ: ಅದರ ತಯಾರಿಕೆ 2014ರಲ್ಲೇ ನಿಂತಿತು. ಹಾಗಾಗಿ ನಮ್ಮ ಕಡೆ ಇನ್ನೂ ಓಡುತ್ತಿರುವ ಅಂಥ ಕಾರುಗಳಲ್ಲಿ ಅತಿ ಎಳೆಯದಕ್ಕೂ ಹತ್ತು ವರ್ಷ ಮೀರಿದೆ. ಈ ವಯಸ್ಸಿನ ಕಾರಿಗೆ ಹಣ ಸುರಿಯುವ ಮೊದಲು ಹತ್ತು ನಿಮಿಷ ಕಿವಿಗೊಟ್ಟು ಕೇಳಬೇಕು.

ಎಂಜಿನ್ನಿನ ಬೆನ್ನಿಗೆ ಫ್ಲೈವೀಲ್ ಎಂಬ ಭಾರದ ಚಕ್ರವಿದೆ. ಅದಕ್ಕೆ ಬೋಲ್ಟ್ ಮಾಡಿರುವುದು ಪ್ರೆಷರ್ ಪ್ಲೇಟ್. ಎರಡು ಅಂಗೈ ನಡುವೆ ಒತ್ತಿದ ರೊಟ್ಟಿಯ ಹಾಗೆ, ಇವೆರಡರ ನಡುವೆ ಕ್ಲಚ್ ಪ್ಲೇಟ್ ಕೂತಿರುತ್ತದೆ. ಒತ್ತಡ ಇರುವಷ್ಟು ಹೊತ್ತು ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ಹೋಗುತ್ತದೆ. ನೀವು ಪೆಡಲ್ ತುಳಿದಾಗ ಕೇಬಲ್ ಒಂದು ಫೋರ್ಕನ್ನು ಎಳೆಯುತ್ತದೆ, ಫೋರ್ಕ್ ಒಂದು ಬೇರಿಂಗನ್ನು ಮುಂದಕ್ಕೆ ತಳ್ಳುತ್ತದೆ, ಬೇರಿಂಗ್ ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳನ್ನು ಅದುಮುತ್ತದೆ. ಹಿಡಿತ ಸಡಿಲವಾಗುತ್ತದೆ. ಹೀಗೆ ಅದುಮುವ ಬೇರಿಂಗೇ ರಿಲೀಸ್ ಬೇರಿಂಗ್. ಅದಕ್ಕೆ ಕೆಲಸ ಬೀಳುವುದು ಪೆಡಲ್ ಒತ್ತಿದಾಗ ಮಾತ್ರ. ಈ ಒಂದು ಸಂಗತಿ ತಲೆಯಲ್ಲಿದ್ದರೆ ಪರೀಕ್ಷೆ ಅರ್ಧ ಮುಗಿದಂತೆ.

ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಮೊದಲು ಎಂಜಿನ್ ಆಫ್ ಇರಲಿ. ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಡಿ. ಆಗಲೇ ಕಿರುಗುಟ್ಟಿದರೆ ತೊಂದರೆ ಪೆಡಲಿನ ಬುಷ್, ಕೇಬಲ್ ಇಲ್ಲವೇ ಫೋರ್ಕಿನಲ್ಲಿದೆ. ಒಂದಿಷ್ಟು ಗ್ರೀಸ್ ಅಥವಾ ಹೊಸ ಕೇಬಲ್‌ನಲ್ಲೇ ಮುಗಿಯಬಹುದಾದ ಕೆಲಸವಿದು.

ಈಗ ಎಂಜಿನ್ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿಡಿ, ಕಾಲು ಪೆಡಲಿನಿಂದ ದೂರವಿರಲಿ. ಸುಮ್ಮನಿದ್ದಾಗ ಗೊರಗೊರ ಎನ್ನುತ್ತಿದ್ದು, ಪೆಡಲ್ ಪೂರ್ತಿ ಒತ್ತಿದೊಡನೆ ಸದ್ದು ನಿಂತುಬಿಟ್ಟರೆ ಗೇರ್‌ಬಾಕ್ಸಿನ ಒಳಗೆ ಹೋಗುವ ಶಾಫ್ಟಿನ ಬೇರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ಕಾಲು ತೆಗೆದಾಗ ಆ ಶಾಫ್ಟ್ ತಿರುಗುತ್ತಿರುತ್ತದೆ, ಒತ್ತಿದಾಗ ನಿಲ್ಲುತ್ತದೆ. ಇದಕ್ಕೆ ಹೊಸ ಕ್ಲಚ್ ಸೆಟ್ ಹಾಕಿಸಿದರೆ ಹಣ ಹೋಗುತ್ತದೆ, ಸದ್ದು ಉಳಿಯುತ್ತದೆ. ಮೊದಲು ಗೇರ್ ಆಯಿಲ್ ಮಟ್ಟ ನೋಡಿಸಿ.

ಇದರ ತಿರುವುಮುರುವು ಆದರೆ, ಅಂದರೆ ಒತ್ತಿದಾಗಲೇ ಕಿರ್ರ್ ಎಂದು, ಬಿಟ್ಟಾಗ ಮಾಯವಾದರೆ, ರಿಲೀಸ್ ಬೇರಿಂಗ್ ಮೇಲೆ ಅನುಮಾನ. ಇನ್ನು ಒಂದನೇ ಗೇರಿನಲ್ಲಿ ಕಾರು ಹೊರಡುವಾಗ ಮಾತ್ರ ಗಡಗಡ ಅದುರಿದರೆ ಪ್ಲೇಟಿಗೆ ಆಯಿಲ್ ತಾಗಿರಬಹುದು, ಪ್ಲೇಟಿನ ಸ್ಪ್ರಿಂಗ್ ಮುರಿದಿರಬಹುದು. ಎಂಜಿನ್ ಮೌಂಟಿಂಗ್ ಹರಿದಿದ್ದರೂ ಹೀಗೇ ಅದುರುತ್ತದೆ, ಅದನ್ನು ಹೊರಗಿನಿಂದಲೇ ನೋಡಬಹುದು.

ನನ್ನ ಕಾರಿನದು ಒತ್ತಿದಾಗಿನ ಸದ್ದು. ಗೇರ್‌ಬಾಕ್ಸ್ ಇಳಿಸಿದ ಮೇಲೆ ಮೆಕ್ಯಾನಿಕ್ ಹಳೆಯ ಬೇರಿಂಗನ್ನು ನನ್ನ ಕೈಗಿಟ್ಟು, “ತಿರುಗ್ಸಿ ನೋಡಿ ಸಾರ್” ಎಂದರು. ಬೆರಳಿಗೆ ತರಿತರಿಯಾಗಿ ಸಿಕ್ಕಿತು, ಮರಳು ಬೆರೆತ ರಾಗಿಯನ್ನು ಬೀಸಿದ ಹಾಗೆ. ಒಳಗಿನ ಗ್ರೀಸ್ ಕರಗಿ ಹೋಗಿತ್ತು. ಪಕ್ಕದಲ್ಲಿಟ್ಟ ಹೊಸದು ಸದ್ದೇ ಇಲ್ಲದೆ ತಿರುಗಿತು. “ಕಾಲು ಪೆಡಲ್ ಮೇಲೇ ಇಟ್ಕೊಂಡು ಓಡಿಸ್ತೀರಾ?” ಎಂದು ಕೇಳಿದರು. ಹೌದು, ಇಡುತ್ತಿದ್ದೆ. ಬರೀ ಕಾಲಿನ ಭಾರಕ್ಕೇ ಬೇರಿಂಗ್ ಹೋಗಿ ತಾಗಿಕೊಂಡು, ಯಳಂದೂರಿನಿಂದ ಕೊಳ್ಳೇಗಾಲದವರೆಗೂ ಎಂಜಿನ್ನಿನ ವೇಗದಲ್ಲೇ ತಿರುಗುತ್ತಿತ್ತು.

ಬೇರಿಂಗಿನ ಬೆಲೆ ದೊಡ್ಡದಲ್ಲ, ಕೂಲಿ ದೊಡ್ಡದು. ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಲೇಬೇಕು. ಆದ್ದರಿಂದ ಒಮ್ಮೆ ಇಳಿಸಿದ ಮೇಲೆ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸುವುದು ಹಳೆಯ ಕಾರಿಗೆ ಸರಿಯಾದ ಲೆಕ್ಕ ಎಂದೇ ನನ್ನ ಅಭಿಪ್ರಾಯ. ಪ್ಲೇಟಿನಲ್ಲಿ ಅರ್ಧ ಜೀವ ಇದೆ ಎಂದು ಉಳಿಸಿಕೊಂಡರೆ ವರ್ಷದೊಳಗೆ ಅದೇ ಕೂಲಿಯನ್ನು ಮತ್ತೆ ಕೊಡಬೇಕಾದೀತು. ಅದೇ ಹೊತ್ತಿನಲ್ಲಿ ಫ್ಲೈವೀಲಿನ ನಡುವಿನ ಪುಟ್ಟ ಬೇರಿಂಗನ್ನೂ ನೋಡಿಸಿ, ಅದು ಹೋದರೂ ಪೆಡಲ್ ಒತ್ತಿದಾಗಲೇ ಸದ್ದು ಬರುವುದು. ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಸೋರುತ್ತಿದ್ದರೆ ಆಗಲೇ ಬದಲಿಸಬೇಕು, ಇಲ್ಲದಿದ್ದರೆ ಹೊಸ ಪ್ಲೇಟೂ ಎಣ್ಣೆಯಲ್ಲಿ ನೆನೆಯುತ್ತದೆ. ಹಳೆಯ ಬೇರಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದಕ್ಕೆ ಮಾತ್ರ ಒಪ್ಪಬೇಡಿ, ಉಳಿದ ಗ್ರೀಸೂ ತೊಳೆದುಹೋಗುತ್ತದೆ. ಒಳಗಿನ ಕಪ್ಪು ಪುಡಿಯನ್ನು ಗಾಳಿ ಹೊಡೆದು ಎಬ್ಬಿಸುವುದೂ ಬೇಡ. ಹಳೆಯ ಪ್ಲೇಟುಗಳಲ್ಲಿ ಕಲ್ನಾರು ಇರಬಹುದು, ಇದ್ದರೆ ಅದು ಮೆಕ್ಯಾನಿಕ್ಕಿನ ಶ್ವಾಸಕೋಶಕ್ಕೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಲಿ.

ಬೇರಿಂಗ್ ಸದ್ದಿದ್ದರೂ ಊರೊಳಗೆ ಕೆಲವು ದಿನ ಓಡಿಸಬಹುದು. ಆದರೆ ಅದೇ ಕಾರಿನಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಡಬೇಡಿ. ಹುಲಿ ಸಂರಕ್ಷಿತ ಕಾಡಿನ ನಡುವೆ ಬೇರಿಂಗ್ ಒಡೆದರೆ ಗೇರೇ ಬೀಳದು, ಕಾರಿಂದ ಇಳಿಯುವ ಹಾಗೂ ಇಲ್ಲ.

ಹೊಸ ಸೆಟ್ ಹಾಕಿಸಿದ ಮರುದಿನವೇ ಬೆಟ್ಟ ಹತ್ತುವುದೂ ತಪ್ಪು. ಪ್ಲೇಟಿನ ಮೈ ಫ್ಲೈವೀಲಿಗೆ ಹೊಂದಿಕೊಳ್ಳಲು ಕೆಲವು ನೂರು ಕಿಲೋಮೀಟರ್ ಬೇಕು. ಸುವರ್ಣಾವತಿ ಹೊಳೆ ದಾಟಿ ಯಳಂದೂರಿಗೆ ಹೋಗಿಬರುವಂಥ ಮಟ್ಟಸ ರಸ್ತೆಯಲ್ಲಿ ಒಂದಷ್ಟು ದಿನ ಓಡಿಸಿ. ಪೆಡಲನ್ನು ಕೈಬೆರಳಿನಿಂದ ಒತ್ತಿದಾಗ ಭಾರ ಸಿಗುವ ಮೊದಲು ಸುಮಾರು ಎರಡು ಸೆಂಟಿಮೀಟರ್ ಪ್ಲೇ ಇದೆಯೇ ನೋಡಿಕೊಳ್ಳಿ. ನಿಖರ ಅಳತೆ ನಿಮ್ಮ ಕಾರಿನ ಕೈಪಿಡಿಯಲ್ಲಿರುತ್ತದೆ. ಆಮೇಲೆ ಮಹದೇಶ್ವರ ಬೆಟ್ಟಕ್ಕೆ ಹೊರಡಿ. ಏರಿನಲ್ಲಿ ಗಾಡಿಗಳು ನಿಂತಾಗ ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ಗೆ ಹಾಕಿ, ಎಡಗಾಲನ್ನು ಪೆಡಲಿನಿಂದ ತೆಗೆದು ಕೆಳಗಿಡಿ.